ಗಣಿತಸಾರಸಂಗ್ರಹದ ಮಹಾವೀರಾಚಾರ್ಯರು

ಬಸದಿಯೊಂದು ಎದ್ದು ನಿಲ್ಲಬೇಕಾದರೆ ಭಕ್ತಿಯೊಡನೆ ಅಳತೆಯೂ ಬೇಕು. ಗರ್ಭಗೃಹದ ಪಾಯದಿಂದ ಶಿಖರದ ಕಲಶದವರೆಗೆ, ಬಾಗಿಲ ಮೇಲಣ ತೋರಣದಿಂದ ಪ್ರತಿಷ್ಠಾವಿಧಿಯಲ್ಲಿ ಬರೆಯುವ ಮಂಡಲದವರೆಗೆ ಹಗ್ಗ, ಕೋಲು, ಲೆಕ್ಕ ಈ ಮೂರೂ ಇಲ್ಲದೆ ಒಂದು ಗೆರೆಯೂ ನೇರ್ಪಾಗಿ ಮೂಡದು. ಜಿನಬಿಂಬ ಪ್ರತಿಷ್ಠಾಪನೆಯ ಶುಭ ಸಂದರ್ಭದಲ್ಲಿ ದಾನಿಗಳನ್ನೂ ಶಿಲ್ಪಿಗಳನ್ನೂ ನೆನೆಯುವುದು ರೂಢಿ. ಅವರೊಡನೆ, ಆ ಅಳತೆಗೆ ಶಾಸ್ತ್ರದ ರೂಪವಿತ್ತ ಒಬ್ಬ ಪ್ರಾತಃಸ್ಮರಣೀಯ ಆಚಾರ್ಯರನ್ನು ಸ್ಮರಿಸುವುದೂ ಶ್ರಾವಕರ ಕರ್ತವ್ಯವಾಗಿದೆ. ಅವರೇ ಗಣಿತಸಾರಸಂಗ್ರಹವೆಂಬ ಮಹಾಗ್ರಂಥವನ್ನು ರಚಿಸಿದ ಮಹಾವೀರಾಚಾರ್ಯರು.

ಬೆಳಗೊಳದ ಹೆಸರನ್ನು ಹೊತ್ತ ಈ ಕಾವೇರಿ ಸೀಮೆಗೆ ಜಿನಧರ್ಮ ಹೊಸತಲ್ಲ. ಶ್ರೀರಂಗಪಟ್ಟಣದ ಬಳಿ ದೊರೆತ ಸುಮಾರು ಕ್ರಿ.ಶ. ೯೦೦ರ ಶಾಸನಗಳು ಕಳ್ಬಪ್ಪು ಗಿರಿಯ ಮೇಲಿನ ಭದ್ರಬಾಹು ಮತ್ತು ಚಂದ್ರಗುಪ್ತ ಮುನಿಗಳ ಪಾದಚಿಹ್ನೆಗಳನ್ನು ಸ್ಮರಿಸುತ್ತವೆ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿ, ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲಿನ ಪಾರ್ಶ್ವನಾಥ ಬಸದಿ ಇಂದಿಗೂ ನಿಂತು ಹಳೆಯ ವೈಭವವನ್ನು ಸಾರುತ್ತಿವೆ. ಆ ಶಾಸನಗಳು ಕೆತ್ತಲ್ಪಡುವುದಕ್ಕೆ ಸುಮಾರು ಅರ್ಧ ಶತಮಾನ ಮೊದಲು, ಇದೇ ಕನ್ನಡ ನಾಡಿನ ಉತ್ತರ ಭಾಗದಲ್ಲಿ, ರಾಷ್ಟ್ರಕೂಟರ ಆಳ್ವಿಕೆಯಲ್ಲಿ, ಮಹಾವೀರಾಚಾರ್ಯರ ಲೇಖನಿ ಕೆಲಸ ಮಾಡುತ್ತಿತ್ತು.

ಕಾಲ ಮತ್ತು ಆಶ್ರಯ

ಆಚಾರ್ಯರು ತಮ್ಮ ಗ್ರಂಥದಲ್ಲಿ ತಂದೆತಾಯಿಗಳ ಹೆಸರನ್ನಾಗಲಿ, ಹುಟ್ಟಿದ ಊರನ್ನಾಗಲಿ ಹೇಳಿಕೊಂಡಿಲ್ಲ. ಆತ್ಮಪ್ರಶಂಸೆಯನ್ನು ಬಿಟ್ಟ ನಿರ್ಗ್ರಂಥ ಪರಂಪರೆಗೆ ಅದು ಸಹಜವೇ ಆಗಿದೆ. ಆದರೆ ತಮ್ಮ ಕಾಲದ ದೊರೆಯನ್ನು ಮಾತ್ರ ಗ್ರಂಥದ ಆರಂಭದಲ್ಲಿಯೇ ಮನಸಾರೆ ಹರಸಿದ್ದಾರೆ. ಆ ದೊರೆ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗ. ಕ್ರಿ.ಶ. ೮೧೪ರಲ್ಲಿ ಬಾಲ್ಯದಲ್ಲಿಯೇ ಪಟ್ಟವೇರಿದ ಈತ ಆರು ದಶಕಗಳಿಗೂ ಮಿಗಿಲಾಗಿ ರಾಜ್ಯಭಾರ ಮಾಡಿದನು. ಈ ಉಲ್ಲೇಖವನ್ನು ಆಧಾರವಾಗಿಟ್ಟುಕೊಂಡು ವಿದ್ವಾಂಸರು ಗಣಿತಸಾರಸಂಗ್ರಹವು ಸುಮಾರು ಕ್ರಿ.ಶ. ೮೫೦ರಲ್ಲಿ ರಚಿತವಾಯಿತೆಂದು ನಿರ್ಣಯಿಸಿದ್ದಾರೆ.

ಅಮೋಘವರ್ಷನ ರಾಜಧಾನಿ ಮಾನ್ಯಖೇಟ. ಅದೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಕ್ರಿ.ಶ. ೮೫೧ರ ಅರಬ್ಬೀ ವರ್ತಕ ಸುಲೈಮಾನನ ಬರಹವು ಲೋಕದ ನಾಲ್ವರು ಮಹಾರಾಜರಲ್ಲಿ ರಾಷ್ಟ್ರಕೂಟ ದೊರೆಯೂ ಒಬ್ಬನೆಂದು ಎಣಿಸಿದೆ. ಆ ವೈಭವ ಐಶ್ವರ್ಯಕ್ಕಷ್ಟೇ ಸೀಮಿತವಾಗಿರಲಿಲ್ಲ. ಆದಿಪುರಾಣವನ್ನು ರಚಿಸಿದ ಜಿನಸೇನಾಚಾರ್ಯರು ದೊರೆಗೆ ಗುರುಗಳಾಗಿದ್ದರು. ವ್ಯಾಕರಣದಲ್ಲಿ ಶಾಕಟಾಯನ, ವೈದ್ಯದಲ್ಲಿ ಕಲ್ಯಾಣಕಾರಕವನ್ನು ಬರೆದ ಉಗ್ರಾದಿತ್ಯ ಆ ಕಾಲದವರು. ಕನ್ನಡದಲ್ಲಿ ಇಂದು ದೊರೆಯುವ ಮೊದಲ ಗ್ರಂಥವಾದ ಕವಿರಾಜಮಾರ್ಗವು ಅದೇ ದೊರೆಯ ಹೆಸರಿನೊಡನೆ ಬೆಸೆದುಕೊಂಡಿದೆ. ವ್ಯಾಕರಣ, ವೈದ್ಯ, ಪುರಾಣ, ಅಲಂಕಾರ ಈ ನಾಲ್ಕು ದಿಕ್ಕುಗಳಲ್ಲಿ ಶಾಸ್ತ್ರಗಳು ಬೆಳೆದ ಕಾಲದಲ್ಲಿ ಗಣಿತದ ದಿಕ್ಕನ್ನು ತುಂಬಿದವರು ಮಹಾವೀರಾಚಾರ್ಯರು. ದೊರೆಯನ್ನು ಹರಸುವಾಗಲೂ ಅವರು ಆತನ ದಂಡಯಾತ್ರೆಗಿಂತ ಆತನ ಸ್ಯಾದ್ವಾದ ನಿಷ್ಠೆಯನ್ನು ಎತ್ತಿ ಹೇಳಿರುವುದು ಗಮನಾರ್ಹ.

ಗ್ರಂಥದ ಸ್ವರೂಪ

ಗಣಿತಸಾರಸಂಗ್ರಹವು ಸಂಸ್ಕೃತ ಪದ್ಯಗಳಲ್ಲಿದೆ. ಪದ್ಯಗಳ ಸಂಖ್ಯೆ ಸಾವಿರವನ್ನು ಮೀರುತ್ತದೆ. ಸಂಖ್ಯಾಜ್ಞಾನದ ದೀಪದಿಂದ ಜಗತ್ತನ್ನೆಲ್ಲ ಬೆಳಗಿದ ಜಿನೇಂದ್ರ ಮಹಾವೀರನಿಗೆ ವಂದನೆ ಸಲ್ಲಿಸಿ ಗ್ರಂಥ ಆರಂಭವಾಗುತ್ತದೆ. ಅನಂತರ ಗಣಿತದ ಪ್ರಯೋಜನಗಳ ನಿರೂಪಣೆ ಬರುತ್ತದೆ. ವ್ಯಾಪಾರ, ಸಂಗೀತ, ನಾಟಕ, ಅಡುಗೆ, ವೈದ್ಯ, ವಾಸ್ತು, ಛಂದಸ್ಸು, ತರ್ಕ, ವ್ಯಾಕರಣ ಈ ಎಲ್ಲದರಲ್ಲಿಯೂ ಗಣಿತ ಬೇಕು. ಸೂರ್ಯಾದಿ ಗ್ರಹಗಳ ಗತಿ ಮತ್ತು ಗ್ರಹಣಗಳನ್ನು ತಿಳಿಯಲೂ, ದ್ವೀಪ, ಸಮುದ್ರ, ಪರ್ವತಗಳ ವ್ಯಾಸ ಮತ್ತು ಪರಿಧಿಗಳನ್ನು ತಿಳಿಯಲೂ ಗಣಿತವೇ ಗತಿ ಎಂಬುದು ಅವರ ಅಭಿಪ್ರಾಯ. ಕಡಲಿನಿಂದ ರತ್ನವನ್ನೂ ಚಿಪ್ಪಿನಿಂದ ಮುತ್ತನ್ನೂ ಆರಿಸುವಂತೆ ತಾವು ಹಿಂದಿನವರ ಶಾಸ್ತ್ರಸಾಗರದಿಂದ ಸಾರವನ್ನಷ್ಟೇ ಸಂಗ್ರಹಿಸಿರುವುದಾಗಿ ಅವರು ವಿನಯದಿಂದ ಹೇಳಿಕೊಂಡಿದ್ದಾರೆ.

ಅವರಿಗೆ ಹಿಂದಿನ ಆರ್ಯಭಟ, ಬ್ರಹ್ಮಗುಪ್ತರು ಗಣಿತವನ್ನು ಜ್ಯೋತಿಷ ಸಿದ್ಧಾಂತದ ಒಂದು ಭಾಗವಾಗಿ ಬರೆದರು. ಮಹಾವೀರಾಚಾರ್ಯರು ಜ್ಯೋತಿಷವನ್ನು ಬೇರಿರಿಸಿ ಗಣಿತವೊಂದನ್ನೇ ಕುರಿತು ವಿಸ್ತಾರವಾದ ಗ್ರಂಥವನ್ನು ಕಟ್ಟಿದರು. ಪರಿಭಾಷೆ, ಪರಿಕರ್ಮ, ಭಿನ್ನರಾಶಿ, ಪ್ರಕೀರ್ಣಕ, ತ್ರೈರಾಶಿಕ, ಮಿಶ್ರಕ, ಕ್ಷೇತ್ರ, ಖಾತ, ಛಾಯಾ ಎಂಬ ಒಂಬತ್ತು ವಿಭಾಗಗಳು ಅದರಲ್ಲಿವೆ. ಏಕದಿಂದ ಮಹಾಕ್ಷೋಭದವರೆಗೆ ೨೪ ಸ್ಥಾನಗಳ ಹೆಸರುಗಳಿವೆ. ಋಣಸಂಖ್ಯೆಯು ಯಾವ ಸಂಖ್ಯೆಯ ವರ್ಗವೂ ಆಗಲಾರದಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಹೇಳಿದವರು ಅವರು. ಹಲವು ವಸ್ತುಗಳಿಂದ ಕೆಲವನ್ನು ಎಷ್ಟು ಬಗೆಯಲ್ಲಿ ಆರಿಸಬಹುದೆಂಬುದಕ್ಕೆ ಸಾಮಾನ್ಯ ಸೂತ್ರವನ್ನು ಕೊಟ್ಟವರೂ ಅವರೇ. ೧೪೨೮೫೭೧೪೩ನ್ನು ೭ರಿಂದ ಗುಣಿಸಿದರೆ ೧೦೦೦೦೦೦೦೦೧ ಬರುತ್ತದೆ. ಹೀಗೆ ಎರಡು ಕಡೆಯಿಂದ ಓದಿದರೂ ಒಂದೇ ಆಗಿರುವ ಸಂಖ್ಯೆಗಳನ್ನು ಅವರು ಕೊರಳ ಹಾರಗಳಿಗೆ ಹೋಲಿಸಿ ವಿನೋದವನ್ನು ಉಂಟುಮಾಡಿದ್ದಾರೆ.

ವರ್ತಕರಿಗೂ ಗುರು

ಜೈನ ಸಮಾಜದಲ್ಲಿ ವ್ಯಾಪಾರವೃತ್ತಿಯವರು ಬಹಳ. ಅವರು ಆಚಾರ್ಯರ ಗ್ರಂಥವನ್ನು ತೆರೆದರೆ ತಮ್ಮ ಅಂಗಡಿಯನ್ನೇ ಅಲ್ಲಿ ಕಾಣುವರು. ಅಸಲು, ಬಡ್ಡಿ, ಅವಧಿ ಇವು ಒಂದರೊಡನೊಂದು ಬೆರೆತಾಗ ಬಿಡಿಸುವ ಬಗೆ, ಪಾಲುದಾರರಿಗೆ ಲಾಭವನ್ನು ಹಂಚುವ ಕ್ರಮ, ಬೇರೆ ಬೇರೆ ಬೆಲೆಯ ಹಣ್ಣುಗಳನ್ನು ಕೊಳ್ಳುವ ಲೆಕ್ಕ ಇವೆಲ್ಲ ಮಿಶ್ರಕ ವ್ಯವಹಾರದಲ್ಲಿ ಬರುತ್ತವೆ. ಚಿನ್ನದ ಪರೀಕ್ಷೆಯಲ್ಲಿ ಅಪ್ಪಟ ಚಿನ್ನಕ್ಕೆ ೧೬ ವರ್ಣ ಎಂಬುದು ಅವರ ಮಾನ. ಉದಾಹರಣೆಗೆ, ೧೪ ವರ್ಣದ ೧೦ ತೊಲ ಚಿನ್ನವನ್ನೂ ೧೦ ವರ್ಣದ ೬ ತೊಲ ಚಿನ್ನವನ್ನೂ ಕರಗಿಸಿ ಕೂಡಿಸಿದರೆ, ತೂಕವನ್ನು ವರ್ಣದಿಂದ ಗುಣಿಸಿ ಬಂದ ೧೪೦ ಮತ್ತು ೬೦ನ್ನು ಕೂಡಿ, ೨೦೦ನ್ನು ೧೬ ತೊಲದಿಂದ ಭಾಗಿಸಬೇಕು. ಬಂದ ಗಟ್ಟಿಯು ೧೨½ ವರ್ಣದ್ದು. ಇಂದಿನ ಅಕ್ಕಸಾಲೆಯ ಅಂಗಡಿಯಲ್ಲಿ ಕ್ಯಾರೆಟ್ ಎಂಬ ಹೆಸರಿನಲ್ಲಿ ನಡೆಯುವ ಲೆಕ್ಕವೂ ಇದೇ.

ಪ್ರಶ್ನೆಗಳನ್ನು ಹೇಳುವಾಗ ಆಚಾರ್ಯರು ಶುಷ್ಕರಾಗಿಲ್ಲ. ಜಿನಪೂಜೆಗೆ ಹೂವು ತಂದ ಶ್ರಾವಕ, ಕಮಲದ ಮೇಲಿನ ದುಂಬಿಗಳು, ಕಾಡಿನ ಆನೆಗಳು, ಹರಿದು ಚೆಲ್ಲಿದ ಮುತ್ತಿನ ಹಾರ ಇವೆಲ್ಲ ಅವರ ಲೆಕ್ಕಗಳಲ್ಲಿ ಬರುತ್ತವೆ. ಸಂಸಾರವನ್ನು ತೊರೆದವರು ಸಂಸಾರಿಗಳ ಕಷ್ಟವನ್ನು ಅರಿತು ಬರೆದ ಶಾಸ್ತ್ರವಿದು.

ಬಿಲ್ಲು, ಹೆದೆ ಮತ್ತು ಬಾಣ

ಆಚಾರ್ಯರ ಕ್ಷೇತ್ರಗಣಿತದಲ್ಲಿ ವೃತ್ತದ ಭಾಗ ಅತ್ಯಂತ ರಮ್ಯವಾದುದು. ಅದನ್ನು ತಿಳಿಯಲು ಇಂದಿನ ಪ್ರೌಢಶಾಲೆಯ ಮಕ್ಕಳು ಕಲಿಯುವ ಪಾಠದಿಂದ ಹೊರಡುವುದು ಸುಲಭ.

ವೃತ್ತದ ಪರಿಧಿಯ ಒಂದು ತುಂಡಿಗೆ ಕಂಸವೆಂದು ಹೆಸರು. ಕಂಸದ ಎರಡು ತುದಿಗಳಿಂದ ಕೇಂದ್ರಕ್ಕೆ ಎರಡು ತ್ರಿಜ್ಯಗಳನ್ನು ಎಳೆದರೆ ಅವುಗಳ ನಡುವೆ ಉಂಟಾಗುವ ಕೋನವೇ ಕೇಂದ್ರ ಕೋನ. ಪೂರ್ಣ ವೃತ್ತಕ್ಕೆ ೩೬೦ ಅಂಶ. ಆದುದರಿಂದ ಕೇಂದ್ರ ಕೋನ ೯೦ ಅಂಶವಾದರೆ ಕಂಸವು ವೃತ್ತದ ಕಾಲು ಭಾಗ, ೬೦ ಅಂಶವಾದರೆ ಆರನೆಯ ಒಂದು ಭಾಗ. ಒಂದು ಕಂಸದ ಅಂಶಗಳು ತಿಳಿದರೆ ಅದನ್ನು ೩೬೦ರಿಂದ ಕಳೆದು ಉಳಿದ ಕಂಸದ ಅಂಶಗಳನ್ನೂ ಹೇಳಬಹುದು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಂಗೈಯಗಲದ ವೃತ್ತದಲ್ಲಿಯೂ ಅಂಗಳದಗಲದ ವೃತ್ತದಲ್ಲಿಯೂ ೬೦ ಅಂಶದ ಕಂಸವು ಅಂಶದಲ್ಲಿ ಸಮಾನವೇ. ಆದರೆ ಉದ್ದದಲ್ಲಿ ಸಮಾನವಲ್ಲ. ಉದ್ದ ಬೇಕಾದರೆ ಅಂಶವನ್ನು ೩೬೦ರಿಂದ ಭಾಗಿಸಿ, ಆ ವೃತ್ತದ ಪರಿಧಿಯಿಂದ ಗುಣಿಸಬೇಕು. ಮಂಡಲ ಬರೆಯುವವರು ತ್ರಿಜ್ಯದಷ್ಟೇ ಉದ್ದದ ಹಗ್ಗವನ್ನು ಪರಿಧಿಯ ಮೇಲೆ ಆರು ಬಾರಿ ಇಟ್ಟು ಆರು ದಳಗಳ ಕಮಲವನ್ನು ಮೂಡಿಸುವುದು ಈ ೬೦ ಅಂಶದ ಬಲದಿಂದಲೇ.

ವೃತ್ತಕ್ಕೆ ೩೬೦ ಅಂಶಗಳೆಂಬುದು ಪ್ರಾಚೀನ ಭಾರತದ ಜ್ಯೋತಿಷಿಗಳಿಗೆ ತಿಳಿದಿತ್ತು. ಹನ್ನೆರಡು ರಾಶಿಗಳಿಗೆ ಮೂವತ್ತು ಮೂವತ್ತು ಅಂಶಗಳು. ಆಕಾಶವನ್ನು ನೋಡುವವನು ಸ್ವತಃ ಕೇಂದ್ರದಲ್ಲಿ ನಿಂತಿರುವುದರಿಂದ ಅವನಿಗೆ ಕೋನ ಸುಲಭವಾಗಿ ಸಿಗುತ್ತದೆ. ಆದರೆ ತೋರಣವನ್ನು ಕೆತ್ತುವ ಶಿಲ್ಪಿಗೂ, ಬಾಗಿದ ಕೆರೆಯ ಏರಿಯನ್ನು ಅಳೆಯುವವನಿಗೂ ಕೇಂದ್ರ ಎಲ್ಲಿದೆ? ಅದು ಗೋಡೆಯ ನಡುವೆಯೋ, ನೀರಿನ ನಡುವೆಯೋ, ಪಕ್ಕದವರ ಹೊಲದಲ್ಲಿಯೋ ಇರಬಹುದು. ಅಲ್ಲಿಗೆ ಹೋಗಿ ಕೋನವನ್ನು ಅಳೆಯುವುದು ಅಸಾಧ್ಯ. ಅವನ ಕೈಗೆ ಸಿಗುವುವು ಎರಡೇ ಅಳತೆಗಳು: ತುದಿಯಿಂದ ತುದಿಗೆ ಇರುವ ನೇರ ದೂರ ಮತ್ತು ಅದರ ಮಧ್ಯದಿಂದ ಕಂಸದವರೆಗಿನ ಎತ್ತರ. ಇಂತಹವನಿಗಾಗಿಯೇ ಆಚಾರ್ಯರು ಕಂಸವನ್ನು ಬಿಲ್ಲಾಗಿ ಕಂಡರು. ಬಾಗಿದ ಕಂಸವೇ ಚಾಪ, ಎರಡು ತುದಿಗಳನ್ನು ಕೂಡಿಸುವ ಗೆರೆಯೇ ಜ್ಯಾ ಅಥವಾ ಹೆದೆ, ಹೆದೆಯ ಮಧ್ಯದಿಂದ ಬಿಲ್ಲಿನ ನಡುವಿಗೆ ನಿಂತ ಗೆರೆಯೇ ಬಾಣ.

ಅವರ ಸೂತ್ರ ಸರಳವಾದುದು. ಬಾಣದ ವರ್ಗವನ್ನು ೬ರಿಂದ ಗುಣಿಸಿ, ಅದಕ್ಕೆ ಹೆದೆಯ ವರ್ಗವನ್ನು ಕೂಡಿಸಿ, ವರ್ಗಮೂಲವನ್ನು ತೆಗೆದರೆ ಬಿಲ್ಲಿನ ಉದ್ದ ದೊರೆಯುತ್ತದೆ. ಇದು ಸೂಕ್ಷ್ಮ ಗಣಿತ. ೬ರ ಬದಲು ೫ನ್ನು ಹಿಡಿದರೆ ಬರುವುದು ವ್ಯಾವಹಾರಿಕ ಗಣಿತ, ಅಂದರೆ ನಿತ್ಯದ ಕೆಲಸಕ್ಕೆ ಸಾಕಾಗುವ ಸ್ಥೂಲ ಲೆಕ್ಕ.

ಈ ೬ ಮತ್ತು ೫ ಎಲ್ಲಿಂದ ಬಂದವೆಂಬುದನ್ನು ಅರ್ಧವೃತ್ತವನ್ನು ನೋಡಿ ತಿಳಿಯಬಹುದು. ಅಲ್ಲಿ ಕೇಂದ್ರ ಕೋನ ೧೮೦ ಅಂಶ. ತ್ರಿಜ್ಯವನ್ನು ೧ ಎಂದಿಟ್ಟರೆ ಬಾಣ ೧, ಹೆದೆ ೨, ಹೆದೆಯ ವರ್ಗ ೪. ಅದಕ್ಕೆ ೬ನ್ನು ಕೂಡಿಸಿದರೆ ೧೦; ಬಿಲ್ಲು ಹತ್ತರ ವರ್ಗಮೂಲ. ೫ನ್ನು ಕೂಡಿಸಿದರೆ ೯, ಬಿಲ್ಲು ೩. ಪರಿಧಿಯು ವ್ಯಾಸದ ಮೂರು ಪಟ್ಟು ಎಂಬುದು ಆಚಾರ್ಯರ ಸ್ಥೂಲ ಮಾನ, ಹತ್ತರ ವರ್ಗಮೂಲದಷ್ಟು ಪಟ್ಟು ಎಂಬುದು ಅವರ ಸೂಕ್ಷ್ಮ ಮಾನ. ಪೂರ್ಣ ವೃತ್ತಕ್ಕೆ ಹೇಳಿದ ಮಾನಕ್ಕೂ ಬಿಲ್ಲಿಗೆ ಹೇಳಿದ ಸೂತ್ರಕ್ಕೂ ಹೀಗೆ ಪರಸ್ಪರ ಹೊಂದಿಕೆಯಿದೆ.

ಒಂದು ತೋರಣದ ಲೆಕ್ಕ

ಬಾಗಿಲ ಮೇಲೆ ಒಂದು ಕಮಾನು ಬರಬೇಕೆಂದು ಭಾವಿಸೋಣ. ಅದರ ಅಗಲ ೮ ಅಡಿ, ನಡುವಿನ ಎತ್ತರ ೨ ಅಡಿ. ಹೆದೆಯ ವರ್ಗ ೬೪. ಬಾಣದ ವರ್ಗ ೪, ಅದರ ಆರು ಪಟ್ಟು ೨೪. ಎರಡೂ ಕೂಡಿ ೮೮. ಅದರ ವರ್ಗಮೂಲ ಸುಮಾರು ೯.೩೮ ಅಡಿ. ಐದು ಪಟ್ಟು ಹಿಡಿದರೆ ೮೪ರ ವರ್ಗಮೂಲ, ಸುಮಾರು ೯.೧೭ ಅಡಿ.

ಇದನ್ನೇ ಕೇಂದ್ರ ಕೋನದಿಂದ ಪರೀಕ್ಷಿಸಬಹುದು. ಹೆದೆಯ ವರ್ಗವನ್ನು ಬಾಣದ ನಾಲ್ಕು ಪಟ್ಟಿನಿಂದ ಭಾಗಿಸಿ ಬಾಣವನ್ನು ಕೂಡಿಸಿದರೆ ವೃತ್ತದ ವ್ಯಾಸ ದೊರೆಯುತ್ತದೆ. ಇಲ್ಲಿ ೬೪ನ್ನು ೮ರಿಂದ ಭಾಗಿಸಿದರೆ ೮, ಅದಕ್ಕೆ ೨ ಕೂಡಿ ವ್ಯಾಸ ೧೦ ಅಡಿ, ತ್ರಿಜ್ಯ ೫ ಅಡಿ. ಈ ವೃತ್ತದಲ್ಲಿ ೮ ಅಡಿಯ ಹೆದೆಗೆ ಕೇಂದ್ರ ಕೋನ ಸುಮಾರು ೧೦೬.೨೬ ಅಂಶ. ಪರಿಧಿ ಸುಮಾರು ೩೧.೪೨ ಅಡಿ. ೧೦೬.೨೬ನ್ನು ೩೬೦ರಿಂದ ಭಾಗಿಸಿ ಪರಿಧಿಯಿಂದ ಗುಣಿಸಿದರೆ ಕಂಸವು ಸುಮಾರು ೯.೨೭ ಅಡಿ. ಆಚಾರ್ಯರ ಸೂಕ್ಷ್ಮ ಲೆಕ್ಕವು ಇದಕ್ಕಿಂತ ಸುಮಾರು ಒಂದೂಕಾಲು ಅಂಗುಲ ಹೆಚ್ಚು, ಸ್ಥೂಲ ಲೆಕ್ಕವು ಹೆಚ್ಚು ಕಡಿಮೆ ಅಷ್ಟೇ ಕಡಿಮೆ. ಕೇಂದ್ರವನ್ನು ಮುಟ್ಟದೆ, ಕೋನವನ್ನು ಅಳೆಯದೆ, ಒಂದು ಹಗ್ಗ ಮತ್ತು ಒಂದು ಕೋಲಿನಿಂದ ಒಂಬತ್ತು ಅಡಿಯ ಕಂಸದಲ್ಲಿ ಅಂಗುಲದ ಸಮೀಪಕ್ಕೆ ಬರುವುದು ಸಾಮಾನ್ಯ ಸಾಧನೆಯಲ್ಲ.

ಭರತ ಕ್ಷೇತ್ರದ ಬಿಲ್ಲು

ಈ ಗಣಿತಕ್ಕೂ ಆಗಮಕ್ಕೂ ಇರುವ ಸಂಬಂಧವನ್ನು ಶ್ರಾವಕರು ಅವಶ್ಯ ತಿಳಿಯಬೇಕು. ದಶಲಕ್ಷಣ ಪರ್ವದಲ್ಲಿ ತತ್ತ್ವಾರ್ಥಸೂತ್ರದ ಮೂರನೆಯ ಅಧ್ಯಾಯವನ್ನು ಓದುವಾಗ ಜಂಬೂದ್ವೀಪದ ವರ್ಣನೆ ಬರುತ್ತದೆ. ಅದು ವೃತ್ತಾಕಾರವಾದುದು, ಅದರ ವ್ಯಾಸ ಒಂದು ಲಕ್ಷ ಯೋಜನ. ಅದರ ದಕ್ಷಿಣದ ಅಂಚಿನಲ್ಲಿರುವ ಭರತ ಕ್ಷೇತ್ರದ ವಿಸ್ತಾರ ಒಂದು ಲಕ್ಷದ ೧೯೦ನೆಯ ಒಂದು ಭಾಗ, ಅಂದರೆ ೫೨೬ ಯೋಜನ ಮತ್ತು ಒಂದು ಯೋಜನದ ೧೯ರಲ್ಲಿ ೬ ಪಾಲು. ಉತ್ತರದಲ್ಲಿ ಹಿಮವತ್ ಪರ್ವತವು ನೇರ ಗೆರೆಯಂತೆ ಹಬ್ಬಿದೆ, ದಕ್ಷಿಣದಲ್ಲಿ ಲವಣ ಸಮುದ್ರದ ತೀರವು ಬಾಗಿದೆ. ಆದುದರಿಂದ ಭರತ ಕ್ಷೇತ್ರವೇ ಒಂದು ಬಿಲ್ಲು. ಹಿಮವತ್ ಪರ್ವತದ ಗೆರೆ ಅದರ ಹೆದೆ, ೫೨೬ ಯೋಜನದ ವಿಸ್ತಾರ ಅದರ ಬಾಣ, ಸಮುದ್ರತೀರ ಅದರ ಚಾಪ.

ಯತಿವೃಷಭಾಚಾರ್ಯರ ತಿಲೋಯಪಣ್ಣತ್ತಿಯೇ ಮೊದಲಾದ ಕರಣಾನುಯೋಗದ ಗ್ರಂಥಗಳಲ್ಲಿ ಈ ಹೆದೆ ಮತ್ತು ಚಾಪಗಳ ಲೆಕ್ಕವಿದೆ. ಹೆದೆಯು ೧೪೪೭೧ ಯೋಜನಕ್ಕೆ ಸ್ವಲ್ಪ ಮಿಗಿಲು. ಬಾಣದ ವರ್ಗದ ಆರು ಪಟ್ಟಿಗೆ ಹೆದೆಯ ವರ್ಗವನ್ನು ಕೂಡಿಸಿ ಮೂಲವನ್ನು ತೆಗೆದರೆ ಚಾಪವು ೧೪೫೨೮ ಯೋಜನ ಮತ್ತು ೧೯ರಲ್ಲಿ ೧೧ ಪಾಲು. ಇದೇ ಕಂಸವನ್ನು ಇಂದಿನ ವಿಧಾನದಿಂದ ನೋಡಿದರೆ ಜಂಬೂದ್ವೀಪದ ಕೇಂದ್ರದಲ್ಲಿ, ಅಂದರೆ ಮೇರುವಿನ ಸ್ಥಾನದಲ್ಲಿ, ಭರತ ಕ್ಷೇತ್ರವು ಸುಮಾರು ೧೬.೬೪ ಅಂಶದ ಕೋನವನ್ನು ಮಾಡುತ್ತದೆ. ಅದನ್ನು ೩೬೦ರಿಂದ ಭಾಗಿಸಿ ಪರಿಧಿಯಿಂದ ಗುಣಿಸಿದರೆ ಸುಮಾರು ೧೪೫೨೨ ಯೋಜನ ಬರುತ್ತದೆ. ಹದಿನಾಲ್ಕು ಸಾವಿರದಾಚೆಯ ಲೆಕ್ಕದಲ್ಲಿ ವ್ಯತ್ಯಾಸ ಆರೇಳು ಯೋಜನ ಮಾತ್ರ. ಈ ಯೋಜನಗಳನ್ನು ಇಂದಿನ ಭೂಪಟದ ಮೇಲೆ ಹುಡುಕಬೇಕಾದುದಿಲ್ಲ. ಮೇರುವಿನ ಕೋನವನ್ನು ಯಾರೂ ಹೋಗಿ ಅಳೆಯಲಾಗದೆಂಬುದನ್ನು ಅರಿತು, ಹೆದೆ ಮತ್ತು ಬಾಣಗಳಿಂದಲೇ ಚಾಪವನ್ನು ಸಾಧಿಸಿದ ಪೂರ್ವಾಚಾರ್ಯರ ಬುದ್ಧಿಯನ್ನು ಇಲ್ಲಿ ಕಾಣಬೇಕು. ಮಹಾವೀರಾಚಾರ್ಯರು ಈ ಆಗಮದ ಗಣಿತವನ್ನು ಲೋಕವರ್ಣನೆಯಿಂದ ಬಿಡಿಸಿ ತಂದು ಶಿಲ್ಪಿ, ವರ್ತಕ, ಒಕ್ಕಲಿಗರೆಲ್ಲರ ಕೈಗೆ ಇತ್ತರು. ಇದೇ ಅವರ ದೊಡ್ಡ ಉಪಕಾರ.

ಸ್ಥೂಲವನ್ನು ಸ್ಥೂಲವೆಂದ ಪ್ರಾಮಾಣಿಕತೆ

ಪೂರ್ವಿಕರನ್ನು ಹೊಗಳುವ ಉತ್ಸಾಹದಲ್ಲಿ, ಎಲ್ಲವೂ ಅವರಿಗೆ ಆಗಲೇ ತಿಳಿದಿತ್ತು, ಅವರಲ್ಲಿ ಕೊರತೆಯೇ ಇಲ್ಲ ಎಂದು ಹೇಳುವ ಅಭ್ಯಾಸ ಬೆಳೆದಿದೆ. ಇದು ಸಮ್ಯಕ್ ಜ್ಞಾನದ ಮಾರ್ಗವಲ್ಲ. ಹತ್ತರ ವರ್ಗಮೂಲ ಸುಮಾರು ೩.೧೬೨೩. ನಿಜವಾದ ಮಾನ ಸುಮಾರು ೩.೧೪೧೬. ಕ್ರಿ.ಶ. ೪೯೯ರಷ್ಟು ಹಿಂದೆಯೇ ಆರ್ಯಭಟನು ೨೦೦೦೦ ವ್ಯಾಸಕ್ಕೆ ೬೨೮೩೨ ಪರಿಧಿಯೆಂದು ಇದನ್ನು ಹೇಳಿದ್ದನು. ಜಿನಸೇನರ ಗುರುಗಳಾದ ವೀರಸೇನಾಚಾರ್ಯರು ಧವಲಾ ಟೀಕೆಯಲ್ಲಿ ಕೊಟ್ಟ ನಿಯಮವು ವ್ಯಾಸವನ್ನು ೩೫೫ರಿಂದ ಗುಣಿಸಿ ೧೧೩ರಿಂದ ಭಾಗಿಸುವುದಕ್ಕೆ ಸಮೀಪವಾದುದು. ಅದು ಇನ್ನೂ ನಿಕಟವಾದ ಮಾನ. ಮಹಾವೀರಾಚಾರ್ಯರು ಪರಂಪರೆಯಿಂದ ಬಂದ ಹತ್ತರ ಮೂಲವನ್ನೇ ಉಳಿಸಿಕೊಂಡರು. ಅವರ ಆಯತವೃತ್ತದ, ಅಂದರೆ ಉದ್ದವಾದ ವೃತ್ತದ, ಕ್ಷೇತ್ರಫಲದ ಸೂತ್ರ ಇಂದಿನ ಗಣಿತಕ್ಕೆ ಹೊಂದುವುದಿಲ್ಲ. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಮೊದಲಿನಂತೆಯೇ ಉಳಿಯುವುದೆಂಬ ಅವರ ಮಾತೂ ಇಂದು ನಿಲ್ಲದು.

ಇವನ್ನು ಹೇಳಿದರೆ ಆಚಾರ್ಯರ ಗೌರವಕ್ಕೆ ಕುಂದು ಬಾರದು. ಏಕೆಂದರೆ ಒಂದೇ ಕ್ಷೇತ್ರಕ್ಕೆ ಎರಡು ಲೆಕ್ಕಗಳನ್ನು ಕೊಟ್ಟು, ಇದು ವ್ಯಾವಹಾರಿಕ, ಇದು ಸೂಕ್ಷ್ಮ ಎಂದು ಬೇರ್ಪಡಿಸಿ ತೋರಿಸಿದವರು ಸ್ವತಃ ಅವರೇ. ಕಡಿಮೆ ತೂಕದ ಬಟ್ಟನ್ನು ಪೂರ್ಣ ತೂಕದ್ದೆಂದು ಹೇಳದಿರುವುದು ವರ್ತಕನ ಧರ್ಮ. ಸ್ಥೂಲವಾದುದನ್ನು ಸೂಕ್ಷ್ಮವೆಂದು ಹೇಳದಿರುವುದು ಗಣಿತಜ್ಞನ ಧರ್ಮ. ಎರಡೂ ಸತ್ಯಾಣುವ್ರತದ ಪಾಲನೆಯೇ. ಯಾವ ದೃಷ್ಟಿಯಿಂದ ಎಷ್ಟು ನಿಜವೆಂದು ಹೇಳುವ ಸ್ಯಾದ್ವಾದವನ್ನು ದೊರೆಯಲ್ಲಿ ಮೆಚ್ಚಿದ ಆಚಾರ್ಯರು ತಮ್ಮ ಲೆಕ್ಕದಲ್ಲಿಯೂ ಅದನ್ನು ನಡೆಸಿದರು.

ಓಲೆಗಳಲ್ಲಿ ಉಳಿದ ಬಾಳು

ಆಚಾರ್ಯರ ದೇಹಾಂತ್ಯದ ಬಳಿಕವೂ ಅವರ ಗ್ರಂಥ ದಕ್ಷಿಣದಲ್ಲಿ ಶತಮಾನಗಳ ಕಾಲ ಪಾಠವಾಗಿ ನಡೆಯಿತು. ೧೧ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ಶ್ರವಣಬೆಳಗೊಳದಲ್ಲಿ ಚಾವುಂಡರಾಯನಿಗೆ ಗುರುಗಳಾಗಿದ್ದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ೧೦ನೆಯ ಶತಮಾನದಲ್ಲಿ ತಮ್ಮ ತ್ರಿಲೋಕಸಾರದಲ್ಲಿ ಅದೇ ಬಿಲ್ಲು, ಹೆದೆ, ಬಾಣಗಳ ಗಣಿತವನ್ನು ಮುಂದುವರಿಸಿದರು. ೧೨ನೆಯ ಶತಮಾನದ ಜೈನ ಕವಿ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದ ಗ್ರಂಥಗಳನ್ನು ರಚಿಸಿ ಗಣಿತವನ್ನು ಕನ್ನಡದಲ್ಲಿಯೇ ನುಡಿಯುವಂತೆ ಮಾಡಿದನು.

ಕಾಲಕ್ರಮದಲ್ಲಿ ಮೂಲ ಗ್ರಂಥ ವಿದ್ವತ್ ಪ್ರಪಂಚದ ಕಣ್ಣಿಗೆ ಮರೆಯಾಯಿತು. ಆದರೆ ಮಠಗಳ ಭಂಡಾರಗಳಲ್ಲಿ, ಜೈನ ಪಂಡಿತರ ಮನೆಗಳಲ್ಲಿ ತಾಳೆಯೋಲೆಗಳು ಉಳಿದಿದ್ದವು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕ ಎಂ. ರಂಗಾಚಾರ್ಯರು ಇಂತಹ ಪ್ರತಿಗಳನ್ನು ಕಲೆಹಾಕಿ, ಮೂಲವನ್ನು ಪರಿಷ್ಕರಿಸಿ, ಇಂಗ್ಲಿಷ್ ಅನುವಾದದೊಡನೆ ೧೯೧೨ರಲ್ಲಿ ಪ್ರಕಟಿಸಿದರು. ಅವರಿಗೆ ದೊರೆತ ಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು, ಮೂಡುಬಿದಿರೆಯಿಂದ ಬಂದುದೂ ಇತ್ತು. ಅಮೆರಿಕದ ಗಣಿತ ಇತಿಹಾಸಕಾರ ಡೇವಿಡ್ ಯೂಜೀನ್ ಸ್ಮಿತ್ ಅವರು ಪ್ರಕಟಣೆಗೂ ಮೊದಲೇ, ೧೯೦೮ರಲ್ಲಿ ರೋಮ್ ನಗರದ ಗಣಿತ ಮಹಾಸಮ್ಮೇಳನದಲ್ಲಿ ಈ ಗ್ರಂಥವನ್ನು ಪರಿಚಯಿಸಿದರು. ೧೯೧೨ರ ಮುದ್ರಣಕ್ಕೆ ಪೀಠಿಕೆಯನ್ನೂ ಬರೆದರು. ೧೯೬೩ರಲ್ಲಿ ಸೋಲಾಪುರದಿಂದ ಹಿಂದಿ ಅನುವಾದ ಹೊರಬಂದಿತು. ೨೦೦೦ದಲ್ಲಿ ಹೊಂಬುಜದ ಶ್ರೀ ಸಿದ್ಧಾಂತಕೀರ್ತಿ ಗ್ರಂಥಮಾಲೆಯಿಂದ ಪದ್ಮಾವತಮ್ಮನವರ ಕನ್ನಡ ಅನುವಾದ ಪ್ರಕಟವಾಯಿತು. ಕನ್ನಡ ನಾಡಿನಲ್ಲಿ ಹುಟ್ಟಿದ ಗ್ರಂಥವು ಕನ್ನಡದ ಅಚ್ಚಿನಲ್ಲಿ ಕನ್ನಡಿಗರ ಕೈ ಸೇರಲು ಸಾವಿರದ ನೂರೈವತ್ತು ವರ್ಷಗಳು ಬೇಕಾದವು.

ಈ ಬಾಳುವೆಯಲ್ಲಿ ಒಂದು ಪಾಠವಿದೆ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದುದನ್ನು ಎಲ್ಲರೂ ಬಲ್ಲರು. ಗಣಿತಸಾರಸಂಗ್ರಹದ ಓಲೆಗಳನ್ನು ಮತ್ತೆ ಮತ್ತೆ ಪ್ರತಿಮಾಡಿಸಿದ ಶ್ರಾವಕ ಶ್ರಾವಿಕೆಯರ ಹೆಸರುಗಳನ್ನು ಇಂದು ಯಾರೂ ಅರಿಯರು. ಆದರೆ ಅವರಲ್ಲಿ ಒಂದೆರಡು ತಲೆಮಾರಿನವರು ಇದು ಪೂಜೆಗೆ ಬಾರದ ಲೆಕ್ಕದ ಪುಸ್ತಕವೆಂದು ಕೈಬಿಟ್ಟಿದ್ದರೆ, ಆಚಾರ್ಯರ ಹೆಸರೂ ಅಳಿದುಹೋಗುತ್ತಿತ್ತು. ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನಕ್ಕೆ ಏಕೆ ಸ್ಥಾನವಿದೆಯೆಂಬುದಕ್ಕೆ ಇದೇ ಸಾಕ್ಷಿ.

ಪ್ರತಿಷ್ಠೆಯ ಮಂಗಳವಾದ್ಯಗಳು ನಿಂತ ಮೇಲೆ ಬಸದಿಯಲ್ಲಿ ನಿತ್ಯಪೂಜೆ ನಡೆಯುತ್ತದೆ. ಅದರೊಡನೆ ಒಂದು ಶಾಸ್ತ್ರಭಂಡಾರವೂ ಅಲ್ಲಿ ನೆಲಸಿ, ಅದರ ಕಪಾಟಿನಲ್ಲಿ ಆಚಾರ್ಯರ ಗ್ರಂಥದ ಒಂದು ಪ್ರತಿ ಇದ್ದರೆ, ಶಾಲೆಯಲ್ಲಿ ಕಂಸ ಮತ್ತು ಕೇಂದ್ರ ಕೋನವನ್ನು ಕಲಿತು ಬಂದ ಬಾಲಕ ಬಾಲಕಿಯರು ದರ್ಶನಕ್ಕೆ ಬಂದಾಗ ತೋರಣವನ್ನು ಕಣ್ಣೆತ್ತಿ ನೋಡಿ, ಅದರ ಹೆದೆ ಯಾವುದು, ಬಾಣ ಯಾವುದು ಎಂದು ಎಣಿಸತೊಡಗುವರು. ಮಹಾವೀರಾಚಾರ್ಯರ ಸ್ಮರಣೆಗೆ ಅದಕ್ಕಿಂತ ಮಿಗಿಲಾದ ಅರ್ಘ್ಯ ಬೇರೆ ಬೇಕಿಲ್ಲ.

ಜೈನಂ ಜಯತು ಶಾಸನಂ.